ಕಿಸುಮುವಿನಲ್ಲಿ ಬಾರದ ಓಟಿಪಿ

ನನ್ನ ಫೋನಿನಲ್ಲಿ ಎರಡು ಸಿಮ್ ಇವೆ. ಒಂದು ಪುಣೆಯದು, ಕಂಪನಿ ಕೊಟ್ಟದ್ದು. ಇನ್ನೊಂದು ಧಾರವಾಡದ್ದು, ಕಾಲೇಜಿನ ಕೊನೆಯ ವರ್ಷ ಅಪ್ಪ ಕೊಡಿಸಿದ್ದು. ಊರು ಬಿಟ್ಟು ದುಡಿಯುವ ನಮ್ಮಂಥವರಲ್ಲಿ ಎಷ್ಟೋ ಮಂದಿಯ ಫೋನು ಹೀಗೆಯೇ ಇರುತ್ತದೆ. ಊರಿನ ನಂಬರಿಗೆ ಕರೆ ಬರುವುದು ವಾರಕ್ಕೆ ಒಂದೋ ಎರಡೋ. ಆದರೆ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಎಲ್‌ಐಸಿ, ಅಮ್ಮನ ಗ್ಯಾಸ್ ಬುಕಿಂಗ್ ಎಲ್ಲವೂ ಅದಕ್ಕೇ ಅಂಟಿಕೊಂಡಿವೆ. ಬಿಡುವ ಹಾಗಿಲ್ಲ. 28 ದಿನಕ್ಕೊಮ್ಮೆ ರೀಚಾರ್ಜ್ ಮಾಡಿಸುತ್ತ ಬಂದಿದ್ದೇನೆ.

ಹೋದ ಆಗಸ್ಟ್‌ನಲ್ಲಿ ನಾವು ಒಂಬತ್ತು ಮಂದಿ ಪುಣೆಯಿಂದ ಕೆನ್ಯಾಕ್ಕೆ ಹೋಗಿದ್ದೆವು. ನಮ್ಮ ಸಭೆಯ ಮಿಷನ್ ಪ್ರವಾಸ. ವಿಕ್ಟೋರಿಯಾ ಸರೋವರದ ದಂಡೆಯಲ್ಲಿರುವ ಕಿಸುಮು ನಗರದ ಹೊರಗೆ ಚರ್ಚಿಗೆ ಸೇರಿದ ಒಂದು ಶಾಲೆಯಿದೆ. ಅದರ ಚಾವಣಿಯ ಮಳೆನೀರು ಹಿಡಿಯಲು ದೋಣಿ, ಪೈಪು, ಟ್ಯಾಂಕು ಜೋಡಿಸಿಕೊಡುವುದು ನಮ್ಮ ಕೆಲಸ. ಮಿಷನ್ ಎಂದ ಕೂಡಲೇ ಕೆಲವರ ಹುಬ್ಬೇರುತ್ತದೆ. ಕೆನ್ಯಾದಲ್ಲಿ ಬಹುಸಂಖ್ಯಾತರು ಕ್ರೈಸ್ತರೇ. ಉಪದೇಶಕ್ಕೆ ನಾವು ಬೇಕಿಲ್ಲ. ಟಿಕೆಟ್ಟಿಗೆ ಸುರಿದ ದುಡ್ಡಿನಲ್ಲಿ ಇನ್ನೂ ಎರಡು ಟ್ಯಾಂಕ್ ಕೂರಿಸಬಹುದಿತ್ತಲ್ಲ ಎಂಬ ಪ್ರಶ್ನೆ ನಮ್ಮೊಳಗೇ ಇತ್ತು, ಈಗಲೂ ಇದೆ. ಆದರೂ ಹೋದೆವು.

ನಾನು ಬಾಸೆಲ್ ಮಿಷನ್ ಮನೆತನದವನು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್‌ನವರು 1837ರಲ್ಲಿ ಧಾರವಾಡದಲ್ಲಿ ನೆಲೆ ಮಾಡಿದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುಂಚೆ ಬಂದವರಿಗೆ ಊರಿನಲ್ಲಿ ತಾಯಿ ತೀರಿಕೊಂಡ ಸುದ್ದಿ ತಿಂಗಳುಗಟ್ಟಲೆ ತಡವಾಗಿ ಕಾಗದದಲ್ಲಿ ತಲುಪುತ್ತಿತ್ತು. ಚಿಕ್ಕವನಿದ್ದಾಗ ಅಜ್ಜಿ ಇದನ್ನು ಹೇಳುವಾಗ ಅಯ್ಯೋ ಅನಿಸುತ್ತಿತ್ತು. ನಮ್ಮ ಕಾಲ ಹಾಗಲ್ಲ, ಕೈಯಲ್ಲಿ ಫೋನಿದೆ ಎಂಬ ಧೈರ್ಯದಲ್ಲೇ ವಿಮಾನ ಹತ್ತಿದೆ.

ಹೊರಡುವ ಮುಂಚೆ ನಾಲ್ಕು ಸಲ ಕೂಡಿದ್ದೆವು. ಹಳದಿ ಜ್ವರದ ಲಸಿಕೆಯ ಬಗ್ಗೆ ಒಂದು ಗಂಟೆ ಚರ್ಚೆಯಾಯಿತು. ಕೆನ್ಯಾದಿಂದ ಮರಳುವಾಗ ಆ ಹಳದಿ ಪುಸ್ತಕ ಇಲ್ಲದಿದ್ದರೆ ಇಲ್ಲಿ ಪ್ರತ್ಯೇಕವಾಗಿ ಇಟ್ಟುಬಿಡುತ್ತಾರೆ ಎಂದು ಗೊತ್ತಿತ್ತು. ಚೀಲದ ತೂಕ, ಹಾಡುವ ಗೀತೆ, ಮಲೇರಿಯಾ ಮಾತ್ರೆ ಎಲ್ಲದರ ಪಟ್ಟಿ ಆಯಿತು. ಫೋನಿನ ಬಗ್ಗೆ ಒಂದು ಮಾತೂ ಬರಲಿಲ್ಲ. ಸೇವೆಗೆ ಹೊರಟವರು ಡೇಟಾ ಪ್ಯಾಕಿನ ಬಗ್ಗೆ ಕೇಳುವುದು ಸಣ್ಣತನ ಎನಿಸಿತೋ ಏನೋ.

ಪೇಚಾಟ ಶುರುವಾದದ್ದು ಅಡಿಸ್ ಅಬಾಬಾದಲ್ಲಿ. ವಿಮಾನ ಬದಲಿಸುವ ಮೂರು ಗಂಟೆಯಲ್ಲಿ ತಂಡದ ಹುಡುಗನೊಬ್ಬ ಫೋನ್ ಆನ್ ಮಾಡಿದ. ಅವನ ರೋಮಿಂಗ್ ಪ್ಯಾಕಿನ ಪಟ್ಟಿಯಲ್ಲಿ ಕೆನ್ಯಾ ಇತ್ತು, ಇಥಿಯೋಪಿಯಾ ಇರಲಿಲ್ಲ. ಫೋಟೊಗಳು ತಮ್ಮಷ್ಟಕ್ಕೆ ಬ್ಯಾಕಪ್ ಆಗತೊಡಗಿದವು. ಆ ಮೂರು ಗಂಟೆಯ ಬಿಲ್ಲು ಹನ್ನೆರಡು ದಿನದ ಪ್ಯಾಕಿಗಿಂತ ಹೆಚ್ಚಾಯಿತು. ಇನ್ನೊಬ್ಬ ಹಿರಿಯ ಅಕ್ಕ ಪ್ಯಾಕ್ ಹಾಕಿಸಿಕೊಂಡೂ ಎರಡು ದಿನ ಮೂಕಿಯಾಗಿದ್ದರು. ಅವರ ಕಂಪನಿಯ ಒಪ್ಪಂದ ಇದ್ದದ್ದು ಕೆನ್ಯಾದ ಒಂದು ನೆಟ್‌ವರ್ಕ್ ಜೊತೆ, ಫೋನು ಹಿಡಿದುಕೊಂಡು ಕೂತದ್ದು ಇನ್ನೊಂದನ್ನು. ಸೆಟ್ಟಿಂಗ್ಸ್‌ಗೆ ಹೋಗಿ ಕೈಯಾರೆ ನೆಟ್‌ವರ್ಕ್ ಆರಿಸಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಪ್ಯಾಕ್ ಮಾರಿದ ಆ್ಯಪ್‌ನಲ್ಲಿ ಆ ಸಾಲು ಎಲ್ಲೋ ತಳದಲ್ಲಿ, ಇರುವೆಯಂಥ ಅಕ್ಷರದಲ್ಲಿ ಇತ್ತು.

ನಾನು ಜಾಣತನ ಮಾಡಿದೆ ಅಂದುಕೊಂಡಿದ್ದೆ. ರೋಮಿಂಗ್ ಉಸಾಬರಿಯೇ ಬೇಡ ಎಂದು ಧಾರವಾಡದ ಸಿಮ್ ತೆಗೆದು ಪರ್ಸಿನಲ್ಲಿಟ್ಟು, ಆ ಜಾಗಕ್ಕೆ ಕಿಸುಮುವಿನ ಸಿಮ್ ಹಾಕಿದೆ. ಪಾಸ್‌ಪೋರ್ಟ್ ತೋರಿಸಿದ ಸ್ವಲ್ಪ ಹೊತ್ತಿಗೆ ಸಿಕ್ಕಿತು. ಅಂಗಡಿಗೆ ಅವರು ‘ದುಕಾ’ ಅನ್ನುತ್ತಾರೆ, ನಮ್ಮ ಕಡೆಯ ದುಕಾನದ ಬಂಧು. ಹೆಂಡತಿ ನನಗಿಂತ ಜಾಣೆ. ಸಿಮ್ ಕಳೆದುಹೋದೀತು ಎಂದು ಪುಣೆಯ ಮನೆಯ ಕಪಾಟಿನಲ್ಲೇ ಭದ್ರವಾಗಿ ಇಟ್ಟು ಬಂದಿದ್ದಳು.

ಐದನೆಯ ದಿನ ಬೆಳಿಗ್ಗೆ ಐದೂವರೆಗೆ ಅತಿಥಿಗೃಹದ ವೈಫೈನಲ್ಲಿ ವಾಟ್ಸ್‌ಆ್ಯಪ್ ಸಂದೇಶ ಬಂತು. ಧಾರವಾಡದಲ್ಲಿ ಆಗ ಎಂಟು ಗಂಟೆ. ಪಕ್ಕದ ಮನೆಯ ಮಾಸ್ತರ್ರು ಬರೆದಿದ್ದರು: ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ, ಸೊಂಟದ ಮೂಳೆ ಮುರಿದಿದೆ, ಆಪರೇಷನ್‌ಗೆ ಮುಂಗಡ ಅರವತ್ತು ಸಾವಿರ ಕಟ್ಟಬೇಕಂತೆ. ನಾನು ಒಬ್ಬನೇ ಮಗ. ಖಾತೆಯಲ್ಲಿ ದುಡ್ಡಿತ್ತು. ಬ್ಯಾಂಕಿನ ಆ್ಯಪ್ ತೆರೆದೆ. ‘ನಿಮ್ಮ ನೋಂದಾಯಿತ ಸಿಮ್ ಈ ಫೋನಿನಲ್ಲಿಲ್ಲ’ ಎಂದಿತು. ಪರ್ಸಿನಿಂದ ಸಿಮ್ ತೆಗೆದು ಹಾಕಿದೆ. ನೆಟ್‌ವರ್ಕ್ ಇಲ್ಲ. ಆ ನಂಬರಿನ 28 ದಿನ ಹಿಂದಿನ ರಾತ್ರಿಯಷ್ಟೇ ಮುಗಿದಿತ್ತು. ಅಂತರರಾಷ್ಟ್ರೀಯ ರೋಮಿಂಗ್ ಅನ್ನು ನಾನು ಆನ್ ಮಾಡಿಸಿಯೇ ಇರಲಿಲ್ಲ.

ಸರಿ, ರೀಚಾರ್ಜ್ ಮಾಡೋಣ ಎಂದು ಕಾರ್ಡ್ ತೆಗೆದೆ. ಕಾರ್ಡಿಗೆ ಓಟಿಪಿ ಬೇಕು. ಓಟಿಪಿ ಬರುವುದು ಅದೇ ಸತ್ತ ನಂಬರಿಗೆ. ಪುಣೆಯ ಗೆಳೆಯನನ್ನು ಎಬ್ಬಿಸಿ ಅವನಿಂದ ರೀಚಾರ್ಜ್ ಮಾಡಿಸಿದೆ. ಆದರೆ ರೋಮಿಂಗ್ ಆನ್ ಮಾಡಲು ಕಂಪನಿಯ ಆ್ಯಪ್‌ಗೆ ಲಾಗಿನ್ ಆಗಬೇಕು. ಲಾಗಿನ್‌ಗೆ ಓಟಿಪಿ ಬೇಕು. ಸಹಾಯವಾಣಿಗೆ ಕರೆ ಮಾಡಿದರೆ ಯಂತ್ರ ಹೇಳಿತು: ನಿಮ್ಮ ನೋಂದಾಯಿತ ನಂಬರಿನಿಂದಲೇ ಕರೆ ಮಾಡಿ. ಬೀಗದ ಕೈ ಪೆಟ್ಟಿಗೆಯೊಳಗೆ, ಪೆಟ್ಟಿಗೆಗೆ ಬೀಗ.

ಈ ಗದ್ದಲದಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಅಷ್ಟರಲ್ಲಿ ಮಾಸ್ತರ್ರು ತಮ್ಮ ಪೆನ್ಷನ್ ಖಾತೆಯಿಂದ ದುಡ್ಡು ಕಟ್ಟಿ ರಸೀದಿಯ ಫೋಟೊ ಕಳಿಸಿದ್ದರು. ಅಮ್ಮನಿಗೆ ಫೋನ್ ಕೊಟ್ಟರು. ‘ನೀ ಚಿಂತಿ ಮಾಡಬ್ಯಾಡಪಾ, ಮಾಸ್ತರ್ರು ಅದಾರ. ನೀ ಹೋದ ಕೆಲಸ ಮುಗಿಸ್ಕೊಂಡ್ ಬಾ’ ಎಂದಳು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ದೇವರ ದಯೆ, ಮಾಸ್ತರ್ರ ದೊಡ್ಡತನ, ಎರಡೂ ನಿಜ. ಆದರೆ ಪಕ್ಕದಲ್ಲಿ ಮಾಸ್ತರ್ರು ಇಲ್ಲದ ಮನೆಗಳೂ ಇವೆಯಲ್ಲ? ಮಕ್ಕಳೆಲ್ಲ ಹೊರಗಿದ್ದು ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇರುವ ತಂದೆ ತಾಯಂದಿರು ಎಷ್ಟು ಮಂದಿ ಇಲ್ಲ?

ತಪ್ಪಿನಲ್ಲಿ ನನ್ನ ಪಾಲೂ ಇದೆ, ಒಪ್ಪುತ್ತೇನೆ. ಆದರೆ ಪುಣೆಗೆ ಮರಳಿದ ಮೇಲೆ ಈ ವ್ಯವಸ್ಥೆಯ ಬಗ್ಗೆ ಸ್ವಲ್ಪ ಓದಿಕೊಂಡಾಗ ಒಂದು ವಿಷಯ ಸ್ಪಷ್ಟವಾಯಿತು. ಮೊಬೈಲ್ ನಂಬರು ಇವತ್ತು ಮಾತಾಡುವ ಸಾಧನವಷ್ಟೇ ಅಲ್ಲ. ಅದು ನಮ್ಮ ಸಹಿ, ನಮ್ಮ ಗುರುತು. ಆದರೆ ಅದನ್ನು ಉಳಿಸಿಕೊಳ್ಳುವ ನಿಯಮಗಳು ಮಾತ್ರ ಇನ್ನೂ ಡೇಟಾ ಮಾರುವ ಅಂಗಡಿಯ ನಿಯಮಗಳು.

ಹಿಂದೆ ಸರ್ಕಾರ ಇದನ್ನು ಒಂದು ಮಟ್ಟಿಗೆ ಅರ್ಥ ಮಾಡಿಕೊಂಡಿತ್ತು. ನಿಪ್ಪಾಣಿ ದಾಟಿದ ಕೂಡಲೇ ‘ನೀವು ರೋಮಿಂಗ್‌ನಲ್ಲಿದ್ದೀರಿ’ ಎಂಬ ಸಂದೇಶ ಬಂದು ಎದೆ ಧಸಕ್ಕೆನ್ನುತ್ತಿದ್ದ ದಿನಗಳು ನಮ್ಮಲ್ಲಿ ಅನೇಕರಿಗೆ ನೆನಪಿರಬೇಕು. 2015ರ ಜುಲೈ 3ರಂದು ದೇಶವ್ಯಾಪಿ ನಂಬರ್ ಪೋರ್ಟಬಿಲಿಟಿ ಬಂತು. ಮನುಷ್ಯ ರಾಜ್ಯ ಬದಲಿಸಿದರೂ ನಂಬರು ಅವನ ಜೊತೆಗೇ ಬರಬಹುದು ಎಂದಾಯಿತು. 2022ರ ಜನವರಿಯಲ್ಲಿ ಟ್ರಾಯ್, 28 ದಿನದ ಜೊತೆಗೆ 30 ದಿನದ ಪ್ಲ್ಯಾನೂ ಇರಲೇಬೇಕು ಎಂದಿತು. 2024ರ ಡಿಸೆಂಬರ್‌ನಲ್ಲಿ, ಡೇಟಾ ಇಲ್ಲದೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಬೇಕು, ಅವಧಿ 365 ದಿನದವರೆಗೂ ಇರಬಹುದು ಎಂದಿತು. ಇವೆಲ್ಲ ಒಳ್ಳೆಯ ಹೆಜ್ಜೆಗಳೇ. ಆದರೆ ನನಗೆ ಬೇಕಾದದ್ದು ಇನ್ನೂ ಸಣ್ಣದು: ಕರೆಯೂ ಬೇಡ, ಡೇಟಾವೂ ಬೇಡ, ವರ್ಷಕ್ಕೊಮ್ಮೆ ಸಣ್ಣ ಮೊತ್ತ ಕಟ್ಟಿದರೆ ನಂಬರು ಜೀವಂತ ಇರಬೇಕು, ಎಲ್ಲೇ ಇರಲಿ ಎಸ್‌ಎಂಎಸ್ ಬರಬೇಕು.

ಕಂಪನಿಗಳ ಮಾತಿನಲ್ಲೂ ಹುರುಳಿಲ್ಲ ಅಂತಲ್ಲ. ನಂಬರುಗಳು ಲೆಕ್ಕಕ್ಕಿರುವಷ್ಟೇ, ಬಳಸದವನ್ನು ಹಿಂಪಡೆದು ಬೇರೆಯವರಿಗೆ ಕೊಡಲೇಬೇಕು. ವಿದೇಶದಿಂದ ಯಾರು ಬೇಕಾದರೂ ರೋಮಿಂಗ್ ಆನ್ ಮಾಡಿಸುವಂತಿದ್ದರೆ ಮೋಸಗಾರರಿಗೆ ಹಬ್ಬ. ನಿಜ. ಆದರೆ ಹಿಂಪಡೆದ ನಂಬರು ಅಪರಿಚಿತರ ಕೈಗೆ ಹೋದ ಮೇಲೆ, ಹಳೆಯ ಮಾಲೀಕರ ಬ್ಯಾಂಕಿನ ಸಂದೇಶಗಳು ಅವರಿಗೆ ಬರುವುದು ಸುರಕ್ಷಿತವೇ? ಸುರಕ್ಷತೆಯ ದೃಷ್ಟಿಯಿಂದ ನೋಡಿದರೂ ನಂಬರನ್ನು ಉಳಿಸಿಕೊಳ್ಳಲು ಬಯಸುವವರಿಗೆ ಸುಲಭದ ದಾರಿ ಇರಬೇಕು.

ಎರಡನೆಯ ಮಾತು ಬ್ಯಾಂಕುಗಳಿಗೆ. ಎಸ್‌ಎಂಎಸ್ ಓಟಿಪಿ ಒಂದನ್ನೇ ನೆಚ್ಚಿಕೊಳ್ಳದೆ ಬೇರೆ ವಿಧಾನಗಳನ್ನೂ ಬಳಸಲು ಎಡೆ ಮಾಡಿಕೊಡುವ ನಿರ್ದೇಶನವನ್ನು ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದೆ. ಪಾಲನೆಗೆ 2026ರ ಏಪ್ರಿಲ್ 1ರ ಗಡುವು ಇಟ್ಟಿದೆ. ಬೆರಳಚ್ಚು, ಆ್ಯಪ್‌ನೊಳಗಿನ ಕೋಡ್, ಏನಾದರೂ ಇರಲಿ. ಸಿಮ್ ಸತ್ತರೂ ಖಾತೆಯ ಒಡೆಯ ತನ್ನ ದುಡ್ಡು ಮುಟ್ಟಲು ಒಂದು ದಾರಿ ಉಳಿಯಬೇಕು. ನಿರ್ದೇಶನ ಕಾಗದದಲ್ಲೇ ಉಳಿಯದಂತೆ ನಾವು ಗ್ರಾಹಕರೂ ಬ್ಯಾಂಕನ್ನು ಕೇಳಬೇಕು.

ಮೂರನೆಯದನ್ನು ಕೆನ್ಯಾದಲ್ಲೇ ಕಲಿತೆ. ಶಾಲೆಯ ಮುಖ್ಯೋಪಾಧ್ಯಾಯಿನಿಯ ಬಳಿ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ಸಿಮೆಂಟಿನವನಿಗೂ ಸೊಪ್ಪಿನವಳಿಗೂ ಅವರು ಅದರಲ್ಲೇ ಎಂ-ಪೆಸಾ ಮೂಲಕ ದುಡ್ಡು ಕಳಿಸುತ್ತಿದ್ದರು. ಇಂಟರ್ನೆಟ್ ಬೇಡ, ಪಿನ್ ಸಾಕು. 2007ರಿಂದ ಅಲ್ಲಿ ಇದು ನಡೆದಿದೆ. ಅವರ ಮಗಳು ಉಗಾಂಡಾದಲ್ಲಿ ಓದುತ್ತಾಳೆ. ‘ರೋಮಿಂಗ್ ದುಬಾರಿಯಲ್ಲವೇ?’ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನಿಸಿತು. ಕೆನ್ಯಾ, ಉಗಾಂಡಾ, ರುವಾಂಡಾ ಮೊದಲಾದ ದೇಶಗಳು 2014ರಿಂದ ಈಚೆಗೆ ‘ಒಂದೇ ನೆಟ್‌ವರ್ಕ್ ಪ್ರದೇಶ’ ಎಂಬ ಒಪ್ಪಂದ ಮಾಡಿಕೊಂಡು, ಪರಸ್ಪರರ ಗಡಿಯೊಳಗೆ ಒಳಬರುವ ಕರೆಗೆ ದುಡ್ಡು ಕೀಳುವುದನ್ನು ನಿಲ್ಲಿಸಿವೆ. ಯುರೋಪಿನ ಒಕ್ಕೂಟ 2017ರ ಜೂನ್‌ನಲ್ಲಿ ತನ್ನ ದೇಶಗಳ ನಡುವೆ ರೋಮಿಂಗ್‌ನ ಹೆಚ್ಚುವರಿ ಶುಲ್ಕವನ್ನೇ ತೆಗೆದುಹಾಕಿತು. ಕೆನ್ಯಾದಲ್ಲಿ ಡೇಟಾ ನಮಗಿಂತ ತುಟ್ಟಿ. ಎಲ್ಲವೂ ಚಂದ ಎಂದು ಹೇಳುತ್ತಿಲ್ಲ. ಆದರೆ ಪಾಸ್‌ಪೋರ್ಟ್ ಕೂಡ ಇಲ್ಲದೆ ನಾವು ಹೋಗಿ ಬರುವ ನೇಪಾಳದ ಜೊತೆಗಾದರೂ ಇಂಥದ್ದೊಂದು ಒಪ್ಪಂದ ಯಾಕಾಗಬಾರದು?

ಇವೆಲ್ಲ ಆಗುವ ತನಕ ನಮ್ಮ ಎಚ್ಚರ ನಮಗಿರಬೇಕು. ತೀರ್ಥಯಾತ್ರೆಯಾಗಲಿ, ಹಜ್ ಆಗಲಿ, ಮಿಷನ್ ಕೆಲಸವಾಗಲಿ, ಮಗಳ ಬಾಣಂತನವಾಗಲಿ, ಹೊರದೇಶಕ್ಕೆ ಹೊರಡುವವರು ನಾಲ್ಕು ಕೆಲಸ ಮಾಡಿ. ಬ್ಯಾಂಕಿಗೆ ಜೋಡಿಸಿದ ನಂಬರಿಗೆ ಪ್ರವಾಸದ ದಿನ ದಾಟುವಷ್ಟು ರೀಚಾರ್ಜ್ ಮಾಡಿಸಿ. ಪ್ಯಾಕ್ ಕೊಳ್ಳದಿದ್ದರೂ ಆ ನಂಬರಿನ ಅಂತರರಾಷ್ಟ್ರೀಯ ರೋಮಿಂಗ್ ಸೇವೆಯನ್ನು ಇಲ್ಲಿಂದಲೇ ಆನ್ ಮಾಡಿಸಿ, ಡೇಟಾ ರೋಮಿಂಗ್ ಮಾತ್ರ ಆಫ್ ಇಡಿ. ಒಳಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ದುಡ್ಡು ಬೀಳುವುದಿಲ್ಲ. ವಿಮಾನ ಬದಲಿಸುವ ದೇಶವೂ ಪ್ಯಾಕಿನ ಪಟ್ಟಿಯಲ್ಲಿದೆಯೇ ನೋಡಿ. ಎಲ್ಲಕ್ಕಿಂತ ಮುಖ್ಯ, ಊರಿನಲ್ಲಿ ನಂಬಿಕಸ್ತರೊಬ್ಬರ ಬಳಿ ತುರ್ತಿಗೆಂದು ಸ್ವಲ್ಪ ದುಡ್ಡು ಇಟ್ಟು ಹೋಗಿ.

ಟ್ಯಾಂಕಿನ ಕೆಲಸ ಮುಗಿಸಿ, ಪುಣೆಗೆ ಬಂದು, ಅದೇ ರಾತ್ರಿಯ ಬಸ್ಸಿಗೆ ಧಾರವಾಡಕ್ಕೆ ಹೋದೆ. ಅಮ್ಮ ಈಗ ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಾಳೆ. ಮಾಸ್ತರ್ರಿಗೆ ದುಡ್ಡು ಮರಳಿಸಲು ಹೋದಾಗ ಅವರು ಕೇಳಿದ್ದು ಒಂದೇ: ‘ಅಲ್ಲೋ ತಮ್ಮಾ, ಅಷ್ಟು ದೂರ ಹೋಗಿ ನೀರಿನ ದಾರಿ ಮಾಡಿ ಬಂದಿ, ನಿನ್ನ ಫೋನಿಗೆ ಒಂದು ದಾರಿ ಮಾಡಿಕೊಳ್ಳಾಕ ಆಗಲಿಲ್ಲೇನು?’ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ವರ್ಷ ನಮ್ಮ ಸಭೆಯಿಂದ ಇನ್ನೊಂದು ತಂಡ ಹೊರಡಲಿದೆ. ಅದರ ಸಿದ್ಧತೆಯ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಲಸಿಕೆಗೂ ಮೇಲೆ, ಮೊದಲ ಸಾಲಿನಲ್ಲಿ ಸಿಮ್ ಎಂದು ಬರೆದಿದ್ದೇನೆ.