ಒಂದು ತಂತಿಯ ಮಾತು

ನೇಸರನನ್ನು ತನ್ನ ಹೆಸರಿನಲ್ಲಿಯೇ ಧರಿಸಿರುವ ಊರು ನೇಸರಗಿ. ಬೆಳಗಾವಿಯಿಂದ ಯರಗಟ್ಟಿಯತ್ತ ಸಾಗುವ ಹೆದ್ದಾರಿ ಈ ಊರನ್ನು ಹಾಯ್ದು ಹೋಗುತ್ತದೆ. ಕಬ್ಬಿನ ಹಂಗಾಮು ಬಂತೆಂದರೆ ಆ ದಾರಿಯಲ್ಲಿ ಟ್ರ್ಯಾಕ್ಟರುಗಳ ಸಾಲು. ಅವುಗಳ ಬದಿಯಲ್ಲಿ ಜೀವವನ್ನು ಕೈಯಲ್ಲಿ ಹಿಡಿದುಕೊಂಡು ಸಾಗುವ ಸೈಕಲ್ಲುಗಳು. ಇಂತಹ ಸೈಕಲ್ ಸವಾರರಲ್ಲಿ ಒಬ್ಬ, ಹದಿನೈದು ವರ್ಷದ ಹುಡುಗ, ಕಳೆದ ಬೇಸಗೆಯ ಒಂದು ಸಂಜೆ ಮನೆಯಲ್ಲಿ ಬೇಡಿಕೆಯೊಂದನ್ನು ಮುಂದಿಟ್ಟ.

ಆ ಮನೆಯಲ್ಲಿ ಇರುವವರು ಮೂವರೇ. ಎಂಬತ್ತರ ಸಮೀಪದ ಅಜ್ಜ; ಗಂಡನನ್ನು ಕಳೆದುಕೊಂಡ ಮೇಲೆ ಕಡಕ್ ರೊಟ್ಟಿ ಬಡಿದು ಸಂಸಾರವನ್ನು ತೂಗಿಸುತ್ತಿರುವ ಸೊಸೆ; ಒಂಬತ್ತನೆಯ ತರಗತಿಯನ್ನು ಮುಗಿಸಿ ಹತ್ತಕ್ಕೆ ಕಾಲಿಡಲಿದ್ದ ಮೊಮ್ಮಗ. ರೊಟ್ಟಿಯ ಕಟ್ಟುಗಳನ್ನು ಊರಿನ ಖಾನಾವಳಿಗೂ, ದೇಶನೂರ, ಮೇಕಲಮರಡಿಗಳ ಅಂಗಡಿಗಳಿಗೂ ಮುಟ್ಟಿಸುವ ಕೆಲಸ ಹುಡುಗನದು. ಶಾಲೆಗೆ ಮುಂಚೆ ಒಂದು ಸುತ್ತು, ಶಾಲೆ ಬಿಟ್ಟ ಮೇಲೆ ಒಂದು ಸುತ್ತು. ಎದುರುಗಾಳಿಯಲ್ಲಿ ಪೆಡಲು ತುಳಿದು ಬಂದವನು ಪುಸ್ತಕ ತೆರೆದೊಡನೆಯೇ ತೂಕಡಿಸುತ್ತಿದ್ದ.

"ಅಜ್ಜಾ, ಕರೆಂಟಿನ ಗಾಡಿ ಕೊಡಸು. ಅದಕ್ಕ ಲೈಸೆನ್ಸ ಬ್ಯಾಡಂತ, ನಂಬರ ಪ್ಲೇಟ ಬ್ಯಾಡಂತ" ಎಂದ ಹುಡುಗ.

ತಾಯಿ ಹಂಚಿನ ಮುಂದಿನಿಂದಲೇ ಬೇಡವೆಂದಳು. ಅಜ್ಜ ಮಾತ್ರ ನಕ್ಕು, "ನಾ ಹನ್ನೆರಡು ವರ್ಷದಾಂವ ಇದ್ದಾಗ ದುಡ್ಯಾಕ ನಿಂತೀನಿ ತಂಗೀ. ಹದಿನೈದು ಅಂದ್ರ ಏನ್ ಸಣ್ಣ ವಯಸ್ಸ?" ಎಂದರು.

ಈ 'ಹನ್ನೆರಡು ವರ್ಷ'ದ ಕಥೆ ಆ ಓಣಿಗೆಲ್ಲ ಕಂಠಪಾಠವಾದದ್ದು. 1958ನೆಯ ಇಸವಿ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ತಂದೆ ತೀರಿಕೊಂಡ ವರ್ಷವೇ ಹುಡುಗ ಶಾಲೆಯ ಪಾಟಿಯನ್ನು ಮೂಲೆಗಿಟ್ಟು ಸೈಕಲ್ ಅಂಗಡಿಯೊಂದಕ್ಕೆ ಸೇರಿದ. ತಿಂಗಳಿಗೆ ನಾಲ್ಕು ರೂಪಾಯಿ, ಮಧ್ಯಾಹ್ನದ ಊಟ. ಬೆಳಗ್ಗೆ ಅಂಗಳ ಗುಡಿಸಿ ನೀರು ಹೊಡೆಯುವುದು, ಬಾಡಿಗೆ ಸೈಕಲ್ಲುಗಳನ್ನು ಒರೆಸಿ ಸಾಲಾಗಿ ನಿಲ್ಲಿಸುವುದು, ಗಾಳಿ ಹಾಕುವುದು, ಬೋಗುಣಿಯ ನೀರಿನಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಏಳುವ ಜಾಗವನ್ನು ಹುಡುಕುವುದು—ಇವು ಮೊದಲ ಪಾಠಗಳು. ಸೀಟಿಗೆ ಕಾಲು ಎಟುಕದಿದ್ದುದರಿಂದ ಬಾರಿನ ಕೆಳಗಿನ ತ್ರಿಕೋನದಲ್ಲಿ ಕಾಲು ತೂರಿಸಿ, ಮೈಯನ್ನು ಓರೆಯಾಗಿಸಿ ಸೈಕಲ್ ಹೊಡೆಯುವುದನ್ನು ಒಂದೇ ವಾರದಲ್ಲಿ ಕಲಿತನಂತೆ.

ಬಾಡಿಗೆ ತಾಸಿಗೆ ಎರಡಾಣೆ. ಆದರೆ 1957ರ ಏಪ್ರಿಲ್ ಒಂದರಿಂದ ನಯಾಪೈಸೆ ಬಂದಿತ್ತು. ಲೆಕ್ಕದಂತೆ ಎರಡಾಣೆಗೆ ಹನ್ನೆರಡೂವರೆ ನಯಾಪೈಸೆ; ಸರಕಾರದ ಪಟ್ಟಿಯಂತೆ ಹನ್ನೆರಡು. ಆ ಅರ್ಧ ಪೈಸೆಗಾಗಿ ಗಿರಾಕಿಗಳೊಡನೆ ಮಾಲೀಕನು ಹೂಡುತ್ತಿದ್ದ ವಾದವನ್ನು ಅಜ್ಜ ಇಂದಿಗೂ ಅಭಿನಯಿಸಿ ತೋರಿಸುವುದುಂಟು. ರಾತ್ರಿ ದೀಪವಿಲ್ಲದೆ ಹೋದರೆ ಪೋಲೀಸರು ಹಿಡಿಯುತ್ತಿದ್ದರು. ಇಬ್ಬರು ಕುಳಿತರೂ ಹಿಡಿಯುತ್ತಿದ್ದರು. ಪುರಸಭೆಯ ಸೀಮೆಯಲ್ಲಿ ಸೈಕಲ್ಲಿಗೂ ತೆರಿಗೆ ಕಟ್ಟಿ ಬಿಲ್ಲೆ ಪಡೆಯಬೇಕಾಗಿತ್ತು. ಸೈಕಲ್ಲೆಂಬುದು ಕಾಯಿದೆಯ ಕಣ್ಣಿಗೆ ಬೀಳದ ವಾಹನವಾಗಿತ್ತೆಂದು ತಿಳಿಯುವವರು ಆ ದಿನಗಳನ್ನು ಕಂಡವರನ್ನು ಕೇಳಬೇಕು.

ಹೀಗೆ ಕಾಯಿದೆ ದೀಪವನ್ನು ನೋಡಿತು, ಬಿಲ್ಲೆಯನ್ನು ನೋಡಿತು. ಗಾಳಿ ಹಾಕುವ ಹುಡುಗನನ್ನು ಮಾತ್ರ ನೋಡಲಿಲ್ಲ. ಮಕ್ಕಳ ದುಡಿಮೆಯನ್ನು ಕುರಿತ 1938ರ ಕಾಯಿದೆ ರೈಲ್ವೆ, ಬಂದರು, ಬೀಡಿ, ಬೆಂಕಿಕಡ್ಡಿ ಮೊದಲಾದ ಕೆಲವು ಕೆಲಸಗಳನ್ನಷ್ಟೇ ಹೆಸರಿಸಿತ್ತು. ಸೈಕಲ್ ಅಂಗಡಿ ಆ ಪಟ್ಟಿಯಲ್ಲಿರಲಿಲ್ಲ. ಹದಿನಾಲ್ಕು ತುಂಬದ ಮಕ್ಕಳನ್ನು ಯಾವುದೇ ಉದ್ಯೋಗಕ್ಕೂ ಇಟ್ಟುಕೊಳ್ಳಬಾರದೆಂಬ ನಿಯಮ ದೇಶಕ್ಕೆಲ್ಲ ಬಂದದ್ದು, 1986ರ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ. ಶಾಲೆಯ ಹೊತ್ತು ಮುಗಿದ ಮೇಲೆ ತಮ್ಮ ಮನೆಯವರ ಕೆಲಸದಲ್ಲಿ, ಅದು ಅಪಾಯದ್ದಲ್ಲವಾದರೆ, ಮಕ್ಕಳು ನೆರವಾಗುವುದಕ್ಕೆ ಅಲ್ಲಿ ಅವಕಾಶವಿದೆ. ಹದಿನಾಲ್ಕು ದಾಟಿದವರಿಗೆ ಹದಿನೆಂಟರವರೆಗೆ ಅಪಾಯದ ಉದ್ಯೋಗಗಳು ನಿಷಿದ್ಧ. ಆದುದರಿಂದ ತಾಯಿಯ ರೊಟ್ಟಿಯನ್ನು ಮುಟ್ಟಿಸುವ ಮೊಮ್ಮಗ ತಪ್ಪನ್ನೇನೂ ಮಾಡುತ್ತಿರಲಿಲ್ಲ. ಪ್ರಶ್ನೆ ಇದ್ದುದು ಗಾಡಿಯದು.

ಲೈಸೆನ್ಸ್ ಬೇಡವೆಂಬ ಮಾತು ಎಷ್ಟರ ಮಟ್ಟಿಗೆ ನಿಜ? ಮನೆಯಲ್ಲಿ ಬೆಳೆಯುವ ಮಕ್ಕಳಿರುವ ತಂದೆತಾಯಂದಿರೆಲ್ಲ ತಿಳಿದಿರಬೇಕಾದ ವಿಷಯವಿದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಬ್ಯಾಟರಿಯ ಗಾಡಿಗೆ ಕೆಲವು ಕಟ್ಟುಗಳನ್ನು ಹಾಕಿವೆ. ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆಯಿರಬೇಕು. ಪರಮಾವಧಿ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆಯಿರಬೇಕು. ಬ್ಯಾಟರಿಯನ್ನು ಬಿಟ್ಟು ಗಾಡಿಯ ತೂಕ 60 ಕಿಲೋಗ್ರಾಮನ್ನು ಮೀರಬಾರದು. ಪೆಡಲು ತುಳಿಯುವ ಸೈಕಲ್ಲಾದರೆ ಮೋಟಾರು ಕೇವಲ ನೆರವು ನೀಡಬೇಕು. ವೇಗ ಏರಿದಂತೆ ಆ ನೆರವು ಇಳಿಯುತ್ತ ಬಂದು 25 ಕಿಲೋಮೀಟರಿಗೆ, ಇಲ್ಲವೆ ಸವಾರನು ತುಳಿಯುವುದನ್ನು ನಿಲ್ಲಿಸಿದೊಡನೆ, ಪೂರ್ತಿಯಾಗಿ ನಿಲ್ಲಬೇಕು. ಇವೆಲ್ಲವನ್ನೂ ಪುಣೆಯ ಎ.ಆರ್.ಎ.ಐ.ಯಂತಹ ಮಾನ್ಯ ಪರೀಕ್ಷಾ ಸಂಸ್ಥೆಯೊಂದು ಪರಿಶೀಲಿಸಿ ಒಪ್ಪಿರಬೇಕು. ಇಷ್ಟಾದರೆ ಕಾಯಿದೆಯ ದೃಷ್ಟಿಯಲ್ಲಿ ಅದು ಮೋಟಾರು ವಾಹನವೇ ಅಲ್ಲ. ನೋಂದಣಿಯಿಲ್ಲ, ಲೈಸೆನ್ಸಿಲ್ಲ, ಕಡ್ಡಾಯದ ವಿಮೆಯಿಲ್ಲ.

ಆದರೆ ಕಟ್ಟುಗಳಲ್ಲಿ ಒಂದು ಸಡಿಲಿದರೂ ಗಾಡಿಯ ಜಾತಿಯೇ ಬದಲಾಗುತ್ತದೆ. ಆಗ ಅದು ಮೋಟಾರು ವಾಹನ. ಹದಿನೆಂಟು ತುಂಬದವರು ಅದನ್ನು ಬೀದಿಯಲ್ಲಿ ನಡೆಸುವಂತಿಲ್ಲ, 50 ಸಿ.ಸಿ. ಮೀರದ ಮೋಟಾರು ಸೈಕಲ್ಲುಗಳಿಗೆ ಮಾತ್ರ ಹದಿನಾರರ ರಿಯಾಯಿತಿ ಉಂಟು. ಎಳೆಯರು ಅಪರಾಧವೆಸಗಿದರೆ, 2019ರ ತಿದ್ದುಪಡಿಯಂತೆ, ಪೋಷಕರೇ ಅಥವಾ ವಾಹನದ ಒಡೆಯರೇ ಹೊಣೆ: ಮೂರು ವರ್ಷಗಳವರೆಗೆ ಸೆರೆವಾಸ, ಇಪ್ಪತ್ತೈದು ಸಾವಿರ ರೂಪಾಯಿ ದಂಡ. ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸು ದೊರೆಯದು. ವಿಮೆಯಿಲ್ಲದ ಗಾಡಿಯಿಂದ ಯಾರಿಗಾದರೂ ಪೆಟ್ಟಾದರೆ ಪರಿಹಾರದ ಹೊರೆಯೂ ಮನೆಯ ಮೇಲೆಯೇ.

ಯೂರೋಪಿನ ನಿಯಮವೂ 250 ವಾಟ್, 25 ಕಿಲೋಮೀಟರುಗಳ ಸುತ್ತಲೇ ಇದೆ. ಬ್ರಿಟನ್ನಿನಲ್ಲಿ ಮಾತ್ರ ಇದರೊಡನೆ ಸವಾರನ ವಯಸ್ಸನ್ನೂ ಕೇಳುತ್ತಾರೆ: ಹದಿನಾಲ್ಕು ತುಂಬಿರಬೇಕು. ನಮ್ಮ ನಿಯಮ ವಾಟನ್ನು ಅಳೆಯಿತು, ವೇಗವನ್ನು ಅಳೆಯಿತು, ತೂಕವನ್ನೂ ಅಳೆಯಿತು. ಹಿಡಿಕೆಯನ್ನು ಹಿಡಿಯುವ ಕೈ ಎಷ್ಟು ದೊಡ್ಡದೆಂಬುದನ್ನು ಮನೆಯ ಹಿರಿಯರ ವಿವೇಕಕ್ಕೆ ಬಿಟ್ಟಿತು.

ಆ ವಿವೇಕ ಪರೀಕ್ಷೆಗೆ ಬಂದದ್ದು ಪಟ್ಟಣದ ಒಂದು ಅಂಗಡಿಯಲ್ಲಿ. ಅಜ್ಜ, ಮೊಮ್ಮಗ ಇಬ್ಬರೂ ಬಸ್ಸು ಹಿಡಿದು ಹೋದರು. ಅಂಗಡಿಯವನು ಅವರನ್ನು ಆದರದಿಂದಲೇ ಬರಮಾಡಿಕೊಂಡು ಎರಡು ಗಾಡಿಗಳನ್ನು ತೋರಿಸಿದ. ಒಂದು ಪೆಡಲಿನ ಸೈಕಲ್ಲು. ಇನ್ನೊಂದು ಪೆಡಲಿಲ್ಲದ, ನೋಡಲು ಸ್ಕೂಟರಿನಂತಿದ್ದ ಗಾಡಿ. ಹುಡುಗನ ಕಣ್ಣು ಎರಡನೆಯದರ ಮೇಲೆ ನೆಟ್ಟಿತು.

"ಜೋರು ಎಷ್ಟು ಹೋಗತೈತ್ರಿ?" ಎಂದು ಕೇಳಿದ.

"ಕಾಗದದ ಮ್ಯಾಲ ಇಪ್ಪತ್ತೈದು" ಎಂದು ಅಂಗಡಿಯವನು ದನಿ ತಗ್ಗಿಸಿದ. "ಮೋಟಾರ ದೊಡ್ಡದೈತಿ, ಒಂದ ವಾಯರ್ ಅದನ್ನ ತಡದ ಹಿಡದೈತಿ. ಅದನ್ನ ಕತ್ತರಿಸಿದ್ರ ನಲವತ್ತೈದು. ನೀವು ಚಿಂತಿ ಮಾಡಬ್ಯಾಡ್ರಿ ಅಜ್ಜಾರ, ನಂಬರ ಪ್ಲೇಟ ಇಲ್ಲದ್ದಕ್ಕ ಯಾರೂ ಕೇಳಂಗಿಲ್ಲ." ಹಾಗೆಂದವನೇ ಒಳಗೆ ತಿರುಗಿ ಕೂಗಿದ. ಕೈಯಲ್ಲಿ ಪಕ್ಕಡ ಹಿಡಿದು ಒಬ್ಬ ಹುಡುಗ ಬಂದು ಗಾಡಿಯ ಪಕ್ಕದಲ್ಲಿ ಮಂಡಿಯೂರಿದ. ಮೀಸೆಯಿನ್ನೂ ಮೂಡದ ಮುಖ, ಮೊಣಕೈಯವರೆಗೆ ಗ್ರೀಸು.

ಅಜ್ಜ ಆ ಕೈಯನ್ನೇ ನೋಡುತ್ತ ನಿಂತರು.

ಓಣಿಗೆಲ್ಲ ಕಂಠಪಾಠವಾದ ಕಥೆಯಲ್ಲಿ ಅವರು ಎಂದೂ ಹೇಳದ ಒಂದು ಅಧ್ಯಾಯವಿತ್ತು. ಅಂಗಡಿಗೆ ಸೇರಿದ ಎರಡನೆಯ ವರ್ಷ ಬಾಡಿಗೆ ಸೈಕಲ್ಲೊಂದರ ಮುಂದಿನ ಬ್ರೇಕು ಸವೆದು ಹೋಗಿತ್ತು. ಹೊಸ ರಬ್ಬರು ಹಾಕಲೇ ಎಂದು ಕೇಳಿದಾಗ ಮಾಲೀಕನು, "ಹಿಂದಿಂದು ಹಿಡಿತೈತಲ್ಲ, ಸಾಕು, ಕೊಡು" ಎಂದಿದ್ದ. ಅವನು ಕೊಟ್ಟ. ಒಯ್ದವನು ಅವನ ಹಳೆಯ ತರಗತಿಯ ಗೆಳೆಯ, ಮುಲ್ಕಿ ಪರೀಕ್ಷೆಗೆ ಓದುತ್ತಿದ್ದ ಹುಡುಗ. ಇಳಿಜಾರಿನಲ್ಲಿ ಹಿಂದಿನ ಬ್ರೇಕೂ ಹಿಡಿಯಲಿಲ್ಲ. ಬಲಗೈ ಮೂಳೆ ಎರಡು ಕಡೆ ಮುರಿಯಿತು. ಆ ವರ್ಷ ಅವನು ಪರೀಕ್ಷೆಗೆ ಕೂಡಲಿಲ್ಲ. ಮುಂದಿನ ವರ್ಷ ಮನೆಯವರು ಹೊಲಕ್ಕೆ ಹಚ್ಚಿದರು. ಸೈಕಲ್ಲನ್ನು ಕೊಟ್ಟ ಕೈ ಯಾರದೆಂದು ಯಾರೂ ಕೇಳಲಿಲ್ಲ. ಹದಿಮೂರು ವರ್ಷದ ಕೂಲಿ ಹುಡುಗನನ್ನು ಕೇಳುವವರಾದರೂ ಯಾರು? ಆದರೆ ಆ ಕೈಗೆ ತಿಳಿದಿತ್ತು. ಮುಂದೆ ಸ್ವಂತ ಅಂಗಡಿಯನ್ನಿಟ್ಟು ನಲವತ್ತು ವರ್ಷ ನಡೆಸಿದಾಗ, ಬ್ರೇಕು ನೋಡದೆ ಒಂದು ಸೈಕಲ್ಲನ್ನೂ ಅವರು ಹೊರಗೆ ಬಿಡಲಿಲ್ಲ. ಕಾರಣವನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಮೊಮ್ಮಗ ಬೆರಳು ಮಡಿಸುತ್ತ ಏನನ್ನೋ ಗುಣಿಸುತ್ತಿದ್ದ. "ಅಜ್ಜಾ, ಒಂಬತ್ತನೆತ್ತಾದಾಗ ನಮಗ ಕಲಿಸ್ಯಾರ. ಜೋರು ಹೆಚ್ಚಾದಂಗ ಹೊಡತಾ ಅದರ ವರ್ಗದಂಗ ಹೆಚ್ಚಾಗತೈತಿ. ಇಪ್ಪತ್ತೈದಕ್ಕ ಒಂದಿದ್ರ ನಲವತ್ತೈದಕ್ಕ ಮೂರು ಪಟ್ಟಿಗೂ ಮ್ಯಾಲ. ಬ್ರೇಕ ಮಾತ್ರ ಅವ!"

ಜಾಣತನದ ಲೆಕ್ಕವೆಂದು ಹುಡುಗನಿಗೆ ಹಿಗ್ಗು. ಆದರೆ ಹನ್ನೆರಡಕ್ಕೇ ದುಡಿಮೆಗೆ ನಿಂತೆನೆಂದು ಅರುವತ್ತು ವರ್ಷ ಹೆಮ್ಮೆಪಟ್ಟ ಮುದುಕನಿಗೆ, ಆ ಹೆಮ್ಮೆಯ ಅಡಿಯಲ್ಲಿ ತಾನು ಏನನ್ನು ಬಿಟ್ಟುಬಂದೆನೆಂಬುದು ಆಗ ಹೊಳೆಯಿತು. ಪಾನಾ ಹಿಡಿಯುವುದು ಅಂಗಡಿಯಲ್ಲಿ ಬಂತು. 'ಬೇಡ' ಎನ್ನುವುದಕ್ಕೆ ಬೇಕಾದ ಲೆಕ್ಕ ಮತ್ತು ಧೈರ್ಯ ಬರಲಿಲ್ಲ. ಕೂಲಿಗೆ ನಿಂತ ಮಗುವಿಗೆ ಎಲ್ಲವನ್ನೂ ಕಲಿಸಬಹುದು, ಒಡೆಯನಿಗೆ ಎದುರಾಡುವುದೊಂದನ್ನು ಬಿಟ್ಟು.

"ತಮ್ಮಾ, ಕೈ ತಗಿ. ಆ ವಾಯರ್ ಇರಲಿ" ಎಂದರು ಅಜ್ಜ, ಪಕ್ಕಡ ಹಿಡಿದಿದ್ದ ಹುಡುಗನಿಗೆ. ಆಮೇಲೆ ಮೆಲ್ಲಗೆ, "ಎಷ್ಟು ವರ್ಷ ನಿನಗ?" ಎಂದು ಕೇಳಿದರು.

"ಹದಿನೆಂಟು" ಎಂದ ಅವನು, ಪ್ರಶ್ನೆ ಮುಗಿಯುವ ಮೊದಲೇ. ಪಾಠ ಒಪ್ಪಿಸಿದಂತಿತ್ತು. ಹಾಗೆಂದು ಒಡೆಯನ ಮುಖ ನೋಡಿದ.

ಅವರು ಕೊಂಡದ್ದು ಪೆಡಲಿನ ಸೈಕಲ್ಲನ್ನು. ಪರೀಕ್ಷಾ ಸಂಸ್ಥೆಯ ಒಪ್ಪಿಗೆಯ ಪತ್ರವನ್ನು ಕೇಳಿ ಪಡೆದು, ಅದರಲ್ಲಿದ್ದ ಮಾದರಿಯ ಹೆಸರಿಗೂ ಗಾಡಿಯ ಮೇಲಿದ್ದ ಹೆಸರಿಗೂ ತಾಳೆ ನೋಡಿದರು. ಅಜ್ಜ ಬಗ್ಗಿ ಎರಡೂ ಬ್ರೇಕುಗಳನ್ನು ಹಿಡಿದು ಹಿಡಿದು ಪರೀಕ್ಷಿಸಿದರು. ಸೈಕಲ್ಲು ಬಸ್ಸಿನ ಮೇಲೇರಿತು. ದಾರಿಯಲ್ಲಿ, ಅರುವತ್ತು ವರ್ಷಗಳ ಮೇಲೆ ಮೊದಲ ಬಾರಿಗೆ, ಅವರು ಆ ಅಧ್ಯಾಯವನ್ನು ಮೊಮ್ಮಗನಿಗೆ ಹೇಳಿದರು. ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಬಳಿಕ, "ಅಜ್ಜಾ, ನಮ್ಮ ಸಾಲಿ ಗ್ವಾಡಿ ಮ್ಯಾಲ ಒಂದು ನಂಬರ ಬರದಾರ, 1098 ಅಂತ. ಮಕ್ಕಳಿಗೆ ಏನರ ತ್ರಾಸಿದ್ರ ಅದಕ್ಕ ಫೋನ ಮಾಡಬೇಕಂತ" ಎಂದ.

ಅಜ್ಜ ತಟ್ಟನೆ ಉತ್ತರಿಸಲಿಲ್ಲ. ತಿಂಗಳಿಗೆ ನಾಲ್ಕು ರೂಪಾಯಿಗಳು ತಮ್ಮ ತಾಯಿಗೆ ಏನಾಗಿದ್ದುವೆಂಬುದು ಅವರಿಗೆ ಗೊತ್ತಿತ್ತು. ಆ ಹುಡುಗನ ಮನೆಯಲ್ಲಿಯೂ ಒಬ್ಬ ತಾಯಿ ಇದ್ದಾಳು, ತಿಂಗಳ ಕೊನೆಯನ್ನು ಎಣಿಸುತ್ತಿದ್ದಾಳು. ಅದೂ ಗೊತ್ತಿತ್ತು. ಹಾಗೆಯೇ, ಅಂದು ತಮ್ಮ ಪರವಾಗಿ ಒಬ್ಬ ಹಿರಿಯನಾದರೂ ಬಾಯಿ ತೆರೆದಿದ್ದರೆ ಒಂದು ಕೈ ಮುರಿಯದೆ ಉಳಿಯುತ್ತಿತ್ತೆಂಬುದೂ ಗೊತ್ತಿತ್ತು. ಬಸ್ಸು ನೇಸರಗಿಯ ನಿಲ್ದಾಣವನ್ನು ಮುಟ್ಟುವ ಹೊತ್ತಿಗೆ ಹೊತ್ತು ಮುಳುಗುತ್ತಿತ್ತು. ಅವರು ಅಂಗಿಯ ಕಿಸೆಯಿಂದ ಫೋನನ್ನು ತೆಗೆದು ಮೊಮ್ಮಗನ ಕೈಗಿತ್ತರು.

"ನನಗ ಸಣ್ಣಕ್ಷರ ಕಾಣಂಗಿಲ್ಲ. ನೀ ನಂಬರ ಒತ್ತು, ಮಾತು ನಾ ಆಡತೀನಿ" ಎಂದರು.