ಅಗ್ಗವೆಂದರೆ ಯಾವುದು?

ದಟ್ಟಗಳ್ಳಿಯ ಮನೆಗಳಲ್ಲಿಯೂ ಈಗ ಹುಟ್ಟುಹಬ್ಬವೆಂದರೆ ಮಕ್ಕಳು ಬರ್ಗರ್, ಪಿಜ್ಜಾ ಕೇಳುತ್ತಾರೆ. ಅವುಗಳ ಬೆಲೆ ವಿಪರೀತವಾಯಿತೆಂದು ಹಿರಿಯರು ಕೊರಗುತ್ತಾರೆ. 2004ರಲ್ಲಿ ಮೆಕ್‌ಡೊನಾಲ್ಡ್ಸ್ ಭಾರತದಲ್ಲಿ ₹20ರ ತಿನಿಸುಗಳ ಪಟ್ಟಿಯನ್ನು ತಂದಿತ್ತು; ಇಂದು ಅಷ್ಟು ಹಣಕ್ಕೆ ಅಲ್ಲಿ ಬರ್ಗರ್ ದೊರೆಯದು. ಎಣ್ಣೆ, ಬಾಡಿಗೆ, ಸಂಬಳಗಳೆಲ್ಲ ಏರಿರುವಾಗ ಇದನ್ನಷ್ಟೇ ದೂರುವುದು ನ್ಯಾಯವಲ್ಲ. ನಮ್ಮ ಬಡಾವಣೆಯ ಹೋಟೆಲಿನ ಇಡ್ಲಿಯೂ ತುಟ್ಟಿಯಾಗಿದೆ.

ನಮ್ಮ ಆತಂಕ ಬೇರೆ. ಬೆಲೆ ಏರಿದಂತೆ ಗಿರಾಕಿಗಳನ್ನು ಸೆಳೆಯಲು ‘ಕಾಂಬೊ’ ಮುಂದೆ ಬರುತ್ತದೆ. ಇನ್ನಷ್ಟು ಹಣ ಕೊಟ್ಟರೆ ಕರಿದ ಆಲೂಗಡ್ಡೆ, ತಂಪು ಪಾನೀಯ ಜೊತೆಗೂಡುತ್ತವೆ. ಲಾಭವಾಯಿತೆಂದು ನಾವು ಹಿಗ್ಗುತ್ತೇವೆ. ಆದರೆ 300 ಮಿ.ಲೀ. ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಹೀಗೆ ಬೆರೆಸಿದ ಸಕ್ಕರೆ ವಯಸ್ಕರಿಗೂ ದಿನಕ್ಕೆ ಸುಮಾರು 25 ಗ್ರಾಂ ಮೀರದಿದ್ದರೆ ಒಳಿತೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದೇಹಕ್ಕೆ ಬೇಡದ್ದನ್ನು ಅಗ್ಗಕ್ಕೆ ಕೊಂಡರೂ ಅದು ದುಬಾರಿಯೇ.

ಮಕ್ಕಳ ಆಸೆಯನ್ನು ಗದರಿಸಿ ಅಡಗಿಸಬೇಕಿಲ್ಲ. ಅಪರೂಪಕ್ಕೆ ಹೋದಾಗ ಬರ್ಗರ್ ಒಂದನ್ನೇ ಕೊಳ್ಳೋಣ, ಜೊತೆಗೆ ನೀರು ಕುಡಿಯೋಣ. ಉಳಿದ ಹಣದಲ್ಲಿ ಬಾಳೆಯೋ ಸೀಬೆಯೋ ಮನೆಗೆ ಬರಲಿ. ಕಾಯಕದಿಂದ ಗಳಿಸಿದ ಹಣ ಮನೆಮಂದಿಯ ದೇಹಕ್ಕೆ ಬಲವನ್ನೇ ತರಬೇಕಲ್ಲವೆ?