ರಾಹೇಲಳ ದಾರಿ



ಆದಿಕಾಂಡದ 35ನೆಯ ಅಧ್ಯಾಯದಲ್ಲಿ ರಾಹೇಲಳ ಮರಣವನ್ನು ಓದುತ್ತೇವೆ. ಎಫ್ರಾತಕ್ಕೆ ಹೋಗುವ ದಾರಿಯಲ್ಲೇ ಅವಳಿಗೆ ಹೆರಿಗೆನೋವು ಬಂತು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ಸೂಲಗಿತ್ತಿ ಪಕ್ಕದಲ್ಲಿದ್ದು ಧೈರ್ಯ ಹೇಳಿದಳು. ಆ ಕಾಲದಲ್ಲಿ ಅದಕ್ಕಿಂತ ಹೆಚ್ಚಿನದು ಯಾರ ಕೈಯಲ್ಲೂ ಇರಲಿಲ್ಲ.

ನಮ್ಮ ಲೈನು ಮನೆಗಳಲ್ಲಿ ಬಾಣಂತಿ ತೀರಿಕೊಂಡಾಗ ಉಪದೇಶಿಗಳಾದ ನಾವು ಸಮಾಧಿಯ ಬಳಿ ನಿಂತು ‘ದೇವರ ಚಿತ್ತ’ ಎಂದು ಹೇಳಿದ್ದೇವೆ. ಹೇಳುವುದಕ್ಕೆ ಅದು ಸುಲಭದ ಮಾತು. ರಾತ್ರಿ ಜೀಪು ಸಿಗಲಿಲ್ಲ, ಬೇಕಾದ ರಕ್ತ ಸಿಗಲಿಲ್ಲ, ತಿಂಗಳು ತುಂಬುತ್ತಿದ್ದರೂ ಅವಳು ಎಲೆಯ ಮೂಟೆ ಹೊರುವುದು ತಪ್ಪಲಿಲ್ಲ. ಇವನ್ನೆಲ್ಲ ದೇವರ ತಲೆಗೆ ಕಟ್ಟಬಹುದೇ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಬಸಿರು, ಹೆರಿಗೆ, ಬಾಣಂತನಗಳಲ್ಲಿ ಸುಮಾರು 2 ಲಕ್ಷ 60 ಸಾವಿರ ತಾಯಂದಿರು ಸತ್ತರು. ಇವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಕಡಿಮೆ ಆದಾಯದ ಮತ್ತು ಕೆಳಮಧ್ಯಮ ಆದಾಯದ ದೇಶಗಳವರು. ಲಕ್ಷ ಮಕ್ಕಳು ಹುಟ್ಟುವಾಗ ಶ್ರೀಮಂತ ದೇಶಗಳಲ್ಲಿ ಸಾಯುವ ತಾಯಂದಿರು 10. ಅತಿ ಬಡ ದೇಶಗಳಲ್ಲಿ 346.

ನಮ್ಮ ದೇಶದೊಳಗೂ ಇದೇ ಭೇದ. 2018–20ರ ಸರಕಾರಿ ಲೆಕ್ಕದಲ್ಲಿ ಕೇರಳಕ್ಕೆ 19, ಅಸ್ಸಾಮಿಗೆ 195. ಅಸ್ಸಾಮಿನ ಟೀ ತೋಟಗಳಲ್ಲಿ ನಮ್ಮಂತೆಯೇ ಎಲೆ ಕೀಳುವ ಸಹೋದರಿಯರಲ್ಲಿ ರಕ್ತಹೀನತೆ ಬಹಳ. ಅಂಥ ದೇಹ ಹೆರಿಗೆಯ ರಕ್ತಸ್ರಾವವನ್ನು ತಾಳದು. ರಕ್ತಸ್ರಾವಕ್ಕೆ ಆಕ್ಸಿಟೋಸಿನ್ ಇದೆ, ಬಸುರಿಯರ ಫಿಟ್ಸಿಗೆ ಮೆಗ್ನೀಷಿಯಂ ಸಲ್ಫೇಟ್ ಇದೆ. ಎರಡೂ ದುಬಾರಿ ಔಷಧಿಗಳಲ್ಲ. ದೇವರು ಕೇರಳದ ತಾಯಿಯನ್ನು ಹೆಚ್ಚಾಗಿಯೂ ಅಸ್ಸಾಮಿನ ತಾಯಿಯನ್ನು ಕಡಿಮೆಯಾಗಿಯೂ ಪ್ರೀತಿಸುತ್ತಾನೆಯೇ? ಇಲ್ಲ. ಭೇದ ಮಾಡಿದವರು ಮನುಷ್ಯರು.

1961ರ ಹೆರಿಗೆ ಸೌಲಭ್ಯ ಕಾಯಿದೆ ಕೊಟ್ಟಿದ್ದ 12 ವಾರಗಳ ಸಂಬಳ ಸಹಿತ ರಜೆ, 2017ರಿಂದ ಎರಡು ಮಕ್ಕಳವರೆಗೆ 26 ವಾರ ಆಗಿದೆ. ಆದರೆ ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಚೆಕ್‌ರೋಲಿನಲ್ಲಿ ಹೆಸರೇ ಏರದ ತಾತ್ಕಾಲಿಕ ಕೆಲಸದವಳು ಇದನ್ನು ಯಾವ ದಾಖಲೆ ತೋರಿಸಿ ಕೇಳಬೇಕು?

ಯೂನಿಯನ್ನಿನ ಕೆಲಸ ಕೂಲಿ ಕೇಳುವುದು, ಚರ್ಚಿನ ಕೆಲಸ ಪ್ರಾರ್ಥಿಸುವುದು ಎನ್ನುವವರು ನಮ್ಮಲ್ಲಿದ್ದಾರೆ. ಪ್ರಾರ್ಥನೆ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಫರೋಹನು ಗಂಡುಕೂಸುಗಳನ್ನು ಕೊಲ್ಲಿರೆಂದು ಅಪ್ಪಣೆ ಮಾಡಿದಾಗ, ದೇವರಿಗೆ ಭಯಪಟ್ಟ ಸೂಲಗಿತ್ತಿಯರಾದ ಶಿಫ್ರಾ, ಪೂಗಾ ಇಬ್ಬರೂ ಅಪ್ಪಣೆಯನ್ನು ಮೀರಿ ಮಕ್ಕಳನ್ನು ಉಳಿಸಿದರು. ಅದೂ ಭಕ್ತಿಯೇ.

ಆದ್ದರಿಂದ ಬರುವ ಭಾನುವಾರ ಪೂಜೆ ಮುಗಿದ ಮೇಲೆ ಮನೆಗೆ ಓಡದೆ ಕೂಡೋಣ. ಲೈನಿನ ಬಸುರಿಯರು ಯಾರು, ರಕ್ತ ಪರೀಕ್ಷೆ ಆಗಿದೆಯೇ, ಕಬ್ಬಿಣದ ಮಾತ್ರೆ ಸಿಗುತ್ತಿದೆಯೇ ಎಂದು ಬರೆದಿಡೋಣ. ರಕ್ತ ಕೊಡಬಲ್ಲವರ ಪಟ್ಟಿ ಮಾಡೋಣ. ಗಂಡಸರು ಮೊದಲು ಹೆಸರು ಕೊಡಲಿ. ರಾತ್ರಿ ಹೊತ್ತಿನ ವಾಹನವನ್ನು ಯೂನಿಯನ್ನಿನ ಬೇಡಿಕೆ ಪತ್ರದಲ್ಲಿ ಕೂಲಿಯ ಜೊತೆಗೇ ಸೇರಿಸೋಣ.

ರಾಹೇಲಳ ದಾರಿಯ ಕೊನೆಯಲ್ಲಿ ಆಸ್ಪತ್ರೆ ಇರಲಿಲ್ಲ. ನಮ್ಮ ದಾರಿಯ ಕೊನೆಯಲ್ಲಿ ಇದೆ. ತಾಯಿಯನ್ನು ಅಲ್ಲಿಗೆ ಮುಟ್ಟಿಸುವ ಹೊಣೆಯನ್ನು ಕರ್ತನು ನಮ್ಮ ಕೈಗೆ ಕೊಟ್ಟಿದ್ದಾನೆ.